ಎತ್ತರದ ಚಿಂತೆ ಬಿಡಿ, ಬಾಯಿಯತ್ತ ನೋಡಿ

ಉದ್ದ ಇರುವ ಗಂಡಸರಿಗೆ ಕ್ಯಾನ್ಸರ್ ಜಾಸ್ತಿಯಂತೆ, ಹೌದಾ? ಮಾತು ಸುಳ್ಳಲ್ಲ. ಹಳೆಯ ದೊಡ್ಡ ಅಧ್ಯಯನಗಳ ಅಂಕಿಅಂಶ ಪರಿಶೀಲಿಸಿದ ಅಮೆರಿಕದ ವಿಜ್ಞಾನಿ ಲಿಯೊನಾರ್ಡ್ ನನ್ನಿ, ಗಂಡಸರಲ್ಲಿ ಪ್ರತಿ 10 ಸೆಂ.ಮೀ. ಎತ್ತರಕ್ಕೆ ಅಪಾಯ ಸುಮಾರು ಶೇ. 11 ಏರುತ್ತದೆ ಎಂದು 2018ರಲ್ಲಿ ಬರೆದರು. ದೊಡ್ಡ ದೇಹದಲ್ಲಿ ಜೀವಕೋಶಗಳು ಹೆಚ್ಚು, ಅವು ಕೆಡುವ ಸಾಧ್ಯತೆಯೂ ಹೆಚ್ಚು ಎಂಬುದು ಅವರ ವಿವರಣೆ.

ಹಾಗಂತ ಗಾಬರಿ ಬೇಡ. ನೂರರಲ್ಲಿ 10 ಮಂದಿಗೆ ಬರುವ ಕಡೆ 11 ಮಂದಿಗೆ ಬಂದಂತೆ, ಅಷ್ಟೇ. ಎತ್ತರ ಅಲ್ಲಾಹನು ಕೊಟ್ಟದ್ದು. ಬಾಯಿಗೆ ಏನು ಹಾಕುತ್ತೇವೆ ಎಂಬುದು ನಮ್ಮ ಕೈಯಲ್ಲಿದೆ.

ಸವಣೂರಿನ ವೀಳ್ಯದೆಲೆಗೆ ದೊಡ್ಡ ಹೆಸರು. ಅಪಾಯ ಇರುವುದು ಜೊತೆಗೆ ಸೇರುವ ತಂಬಾಕು, ಅಡಿಕೆಯಲ್ಲಿ. ತಂಬಾಕಿಲ್ಲದ ಎಲೆಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ.

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲು ಕಷ್ಟ ಇದ್ದರೆ ತಡ ಮಾಡಬಾರದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿರುವ ನಮ್ಮವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಲಿ. ಹೆಚ್ಚಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬೇಗ ಸಿಕ್ಕಿದರೆ ಬಾಯಿ ಕ್ಯಾನ್ಸರ್ ಗುಣವಾಗುತ್ತದೆ. ಮನೆಯ ಹೆಂಗಸರೇ, ಗಂಡಸರ ಬಾಯಿ ಒಮ್ಮೆ ತೆರೆಸಿ ನೋಡಿ.