ಮಿತವ್ಯಯದ ಒಂದು ಅಡಿಗೆ: ಮುಳ್ಳುಹಂದಿಯ ಉಂಡೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಅಡಿಗೆಯ ಮನೆಗೂ ಸಲ್ಲುವಂಥದು. ಆದರೆ ಹಾಸಿಗೆ ಚಿಕ್ಕದಾಯಿತೆಂದು ಮಕ್ಕಳನ್ನು ಅರೆಹೊಟ್ಟೆಯಲ್ಲಿ ಮಲಗಿಸಲು ಯಾವ ತಾಯಿಯ ಮನಸ್ಸೂ ಒಪ್ಪದು. ಇಂಥ ಇಕ್ಕಟ್ಟಿನ ಕಾಲದಲ್ಲಿ ಅಮೆರಿಕದ ಗೃಹಿಣಿಯರು ಸಂಸಾರವನ್ನು ತೂಗಿಸಿದ ಒಂದು ಬಗೆಯನ್ನು ನಮ್ಮ ವಾಚಕರಿಗೆ ನಿವೇದಿಸಬಯಸುತ್ತೇವೆ.

1929ರಲ್ಲಿ ಆ ದೇಶದ ಷೇರುಪೇಟೆ ಕುಸಿಯಿತು. 1933ರ ವೇಳೆಗೆ ದುಡಿಯುವವರಲ್ಲಿ ಸುಮಾರು ನಾಲ್ವರಿಗೊಬ್ಬರು ಕೆಲಸವಿಲ್ಲದೆ ಕುಳಿತರು. ಮುಂದೆ ಮಹಾಯುದ್ಧವು ಬಂದು, 1943ರ ಮಾರ್ಚಿಯಿಂದ 1945ರ ನವೆಂಬರಿನವರೆಗೆ ಮಾಂಸಕ್ಕೆ ರೇಷನ್ ಕಟ್ಟಳೆಯಾಯಿತು. ಆಗ ಗಡುಸಾದ, ಅಗ್ಗದ ಗೋಮಾಂಸವನ್ನು ಯಂತ್ರದಲ್ಲಿ ಕೊಚ್ಚಿ ಮೆದುಮಾಡಿ, ಅಕ್ಕಿಯನ್ನು ಬೆರೆಸಿ ಹೆಚ್ಚಿಸುವ ಅಡಿಗೆಗಳು ಮನೆಮನೆಗೆ ಆಸರೆಯಾದವು. ಅವುಗಳಲ್ಲೊಂದು ಮುಳ್ಳುಹಂದಿಯ ಉಂಡೆ. ಬೆಂದ ಮೇಲೆ ಅನ್ನದ ಅಗುಳುಗಳು ಉಂಡೆಯ ಮೈಮೇಲೆ ಮುಳ್ಳಿನಂತೆ ನಿಲ್ಲುವುದರಿಂದ ಈ ವಿನೋದದ ಹೆಸರು.

ಮಾಡುವ ಕ್ರಮ ಹೀಗೆ: ಕೊಚ್ಚಿದ ಮಾಂಸ 1 ಪೌಂಡು, ಎಂದರೆ ಸುಮಾರು 450 ಗ್ರಾಂ, ತೊಳೆದ ಹಸಿ ಅಕ್ಕಿ ಅರ್ಧ ಬಟ್ಟಲು, ನೀರು ಅರ್ಧ ಬಟ್ಟಲು, ಸಣ್ಣಗೆ ಹೆಚ್ಚಿದ ಈರುಳ್ಳಿ ಒಂದು, ಉಪ್ಪು, ಮೆಣಸಿನ ಪುಡಿ ರುಚಿಗೆ ತಕ್ಕಷ್ಟು. ಇವನ್ನು ಕಲಸಿ ನಿಂಬೆಯ ಗಾತ್ರದ ಉಂಡೆಗಳನ್ನು ಕಟ್ಟಬೇಕು. ಅಕ್ಕಿ ಅರಳಲು ಎಡೆ ಬೇಕಾದ್ದರಿಂದ ಬಿಗಿಯಾಗಿ ಒತ್ತಬಾರದು. ಎರಡು ಬಟ್ಟಲು ಟೊಮ್ಯಾಟೊ ರಸಕ್ಕೆ ಒಂದು ಬಟ್ಟಲು ನೀರು ಸೇರಿಸಿ ಕುದಿಸಿ, ಉಂಡೆಗಳನ್ನಿಳಿಸಿ, ಮುಚ್ಚಳವಿಕ್ಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸತಕ್ಕದ್ದು.

ಇದರ ಮರ್ಮವು ಸರಳವಾದುದು. ಅರ್ಧ ಬಟ್ಟಲು ಅಕ್ಕಿ ಬೆಂದು ಸುಮಾರು ಒಂದೂವರೆ ಬಟ್ಟಲಾಗುತ್ತದೆ. ನಾಲ್ವರಿಗೆ ಸಾಲುವ ಮಾಂಸ ಆರು ಮಂದಿಗೆ ಒದಗುತ್ತದೆ. ಮಾಂಸದಿಂದ ಸೋರುವ ರಸವನ್ನೂ ಕೊಬ್ಬನ್ನೂ ಅಕ್ಕಿಯೇ ಹೀರಿಕೊಳ್ಳುವುದರಿಂದ ಯಾವುದೂ ವ್ಯರ್ಥವಾಗದು. ಅಕ್ಕಿಯ ಪ್ರೋಟೀನಿನಲ್ಲಿ ಕಡಮೆಯಿರುವ ಲೈಸೀನ್ ಎಂಬ ಅಂಶವನ್ನು ಮಾಂಸವು ತುಂಬಿಕೊಡುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾರೆವು. ಇಡೀ ತುಂಡಿನ ಹೊರಮೈಯಲ್ಲಿರುವ ರೋಗಾಣುಗಳು ಕೊಚ್ಚಿದಾಗ ಒಳಕ್ಕೆಲ್ಲ ಹರಡುತ್ತವೆ. 1982ರಲ್ಲಿ ಆರಿಗಾನ್ ಮತ್ತು ಮಿಷಿಗನ್ ಸಂಸ್ಥಾನಗಳಲ್ಲಿ ಸರಿಯಾಗಿ ಬೇಯದ ಕೊಚ್ಚು ಮಾಂಸದಿಂದ ಹಲವರಿಗೆ ರಕ್ತಭೇದಿಯಾಯಿತು. ಈ ರೋಗವು ಎಳೆಯ ಮಕ್ಕಳ ಮೂತ್ರಪಿಂಡಗಳನ್ನೇ ಕೆಡಿಸಬಲ್ಲುದು. ಆದ್ದರಿಂದ ಉಂಡೆಯ ನಡುವೆಯೂ ಶಾಖವು 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣವನ್ನು ಮಾತ್ರ ನೋಡಿ ನಂಬಬಾರದು. ಉಳಿದುದನ್ನು ಬೇಗ ಆರಿಸಿ ಶೀತಪೆಟ್ಟಿಗೆಯಲ್ಲಿಡತಕ್ಕದ್ದು. ಅಕ್ಕಿಯಲ್ಲಿರುವ ಕೆಲವು ಅಣುಬೀಜಗಳು ಕುದಿತಕ್ಕೂ ಸಾಯವು. ಬೆಚ್ಚಗೆ ಬಿಟ್ಟ ಅನ್ನದಲ್ಲಿ ಮರಳಿ ಬೆಳೆದು ವಾಂತಿ ತರಿಸುತ್ತವೆ. ಉಳಿತಾಯದ ನೆಪದಲ್ಲಿ ಆರೋಗ್ಯವನ್ನು ಕಳೆದುಕೊಂಡರೆ ವೈದ್ಯರ ಖರ್ಚೇ ಹೆಚ್ಚಾದೀತು.

ಗೋಮಾಂಸವನ್ನು ಉಣ್ಣದವರು ಕುರಿಯ ಖೀಮಾದಿಂದ ಇದನ್ನು ಮಾಡಬಹುದು. ಮಾಂಸವನ್ನೇ ಮುಟ್ಟದ ಮನೆಗಳಿಗೂ ಈ ನೀತಿ ಹೊಸತಲ್ಲ. ನಮ್ಮ ಬಿಸಿಬೇಳೆ ಭಾತಿನಲ್ಲಿ ಅಕ್ಕಿಯ ಕೊರತೆಯನ್ನು ತೊಗರಿಬೇಳೆ ನೀಗಿಸುವುದೂ ಇದೇ ಕ್ರಮದಿಂದಲೇ. ದೇಶ ಬೇರೆ, ಪದಾರ್ಥ ಬೇರೆ. ಇದ್ದುದರಲ್ಲಿಯೇ ಎಲ್ಲರ ಎಲೆಯನ್ನೂ ತುಂಬಿಸುವ ಗೃಹಿಣಿಯ ಜಾಣ್ಮೆ ಮಾತ್ರ ಎಲ್ಲೆಡೆಯೂ ಒಂದೇ.