ಕಡತದಿಂದ ಅಕ್ಷರ ಹಾಗೂ ಅಂಕಣಗಳ ಆಯ್ಕೆ

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜನ್ಮತಳೆದ ಯುನಿಕ್ಸ್ ಗಣಕವ್ಯವಸ್ಥೆಯ ಪರಂಪರೆಯಲ್ಲಿ ‘ಕಟ್’ ಎಂಬುದೊಂದು ಆದೇಶವುಂಟು. ಕೀಲಿಮಣೆಯಿಂದ ಈ ಆದೇಶವನ್ನು ಕೊಟ್ಟರೆ, ಪಠ್ಯಕಡತದ ಪ್ರತಿಯೊಂದು ಸಾಲಿನಿಂದಲೂ ಬೇಕಾದ ಭಾಗವಷ್ಟೇ ಹೊರಬರುತ್ತದೆ. ಮೂಲ ಕಡತಕ್ಕೆ ಊನವಿಲ್ಲ.

ಭಾಗವನ್ನು ಗುರುತಿಸುವ ಮುಖ್ಯ ಬಗೆ ಎರಡು. ‘ಸಿ’ ಸೂಚನೆಯು ಸಾಲಿನ ಮೊದಲಿನಿಂದ ಅಕ್ಷರಗಳನ್ನೆಣಿಸುತ್ತದೆ. ‘ಎಫ್’ ಸೂಚನೆಯು ವಿಭಾಜಕ ಚಿಹ್ನೆಯಿಂದ ಬೇರ್ಪಟ್ಟ ಅಂಕಣಗಳನ್ನೆಣಿಸುತ್ತದೆ.

ಅಕ್ಷರದೆಣಿಕೆ ಇಂಗ್ಲಿಷಿಗೆ ಸಲ್ಲುವಂತೆ ಕನ್ನಡಕ್ಕೆ ಸಲ್ಲದು. ‘ಅಕ್ಕ’ ಎಂಬುದು ಓದುವವರಿಗೆ ಎರಡೇ ಅಕ್ಷರ. ಯುನಿಕೋಡಿನಲ್ಲಾದರೋ ಅ, ಕ, ಹಲಂತ ಚಿಹ್ನೆ, ಮತ್ತೊಂದು ಕ ಎಂದು 4 ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3ರಂತೆ 12 ಬೈಟುಗಳು. ಮೊದಲ ಎರಡನ್ನು ಬೇಡಿದರೆ, ಸಂಕೇತಗಳನ್ನೆಣಿಸುವ ‘ಕಟ್’ ಆವೃತ್ತಿಯು ‘ಅಕ’ ಎಂದು ಕೊಡುತ್ತದೆ. ಬೈಟುಗಳನ್ನೆಣಿಸುವ ಆವೃತ್ತಿಗೆ ‘ಅ’ ಕೂಡ ಪೂರ್ತಿ ದಕ್ಕದು. ಶಾಲೆಯ ದಾಖಲಾತಿಯಲ್ಲಿ ಬಾಲಕಿಯೊಬ್ಬಳ ಹೆಸರು ಹೀಗೆ ವಿರೂಪಗೊಂಡರೂ ಯಂತ್ರವು ಎಚ್ಚರಿಸುವುದಿಲ್ಲ ಎಂಬುದೇ ಕಳವಳದ ಸಂಗತಿ.

ಆದುದರಿಂದ ಕನ್ನಡದ ಪಟ್ಟಿಗಳಿಗೆ ಅಂಕಣದ ಮಾರ್ಗವೇ ಲೇಸು. ಕ್ರಮಸಂಖ್ಯೆ, ಹೆಸರು, ಊರು ಎಂದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿಯಲ್ಲಿ, ‘ಡಿ’ ಸೂಚನೆಯ ಮುಂದೆ ಅಲ್ಪವಿರಾಮವನ್ನೂ ‘ಎಫ್’ ಮುಂದೆ 2 ಎಂಬ ಅಂಕಿಯನ್ನೂ ಇಟ್ಟರೆ ಹೆಸರುಗಳು ಅಖಂಡವಾಗಿ ಬರುತ್ತವೆ. ‘ಡಿ’ ಇಲ್ಲದಿದ್ದರೆ ಟ್ಯಾಬ್ ಚಿಹ್ನೆಯೇ ವಿಭಾಜಕವೆನಿಸುತ್ತದೆ. 3,2 ಎಂದು ಕೇಳಿದರೂ 2, 3ರ ಕ್ರಮದಲ್ಲಿಯೇ ಕೊಡುವುದು ‘ಕಟ್’ನ ಹಠ, ಕ್ರಮ ಬದಲಿಸಬೇಕಾದವರು 1977ರಲ್ಲಿ ರೂಪುಗೊಂಡ ‘ಆಕ್’ ಸಾಧನವನ್ನು ಆಶ್ರಯಿಸಬೇಕು. ಊರಿನ ವಿಳಾಸದೊಳಗೇ ಅಲ್ಪವಿರಾಮವಿದ್ದರೆ, ಅದನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೂ ‘ಕಟ್’ ಲೆಕ್ಕಿಸದೆ ಕತ್ತರಿಸುತ್ತದೆ. ಅಂಥ ಪಟ್ಟಿಗೆ ಬೇರೊಂದು ಚಿಹ್ನೆಯನ್ನು ಮೊದಲೇ ಆರಿಸಿಕೊಳ್ಳುವುದು ಉಚಿತ.