ದೇವನಹಳ್ಳಿಯ ಟ್ಯಾಕ್ಸಿ ಲೆಕ್ಕ ಹಿಡಿಯುವ ಆ್ಯಪ್ ಎಲ್ಲಿದೆ?

ಕೆಂಪೇಗೌಡ ವಿಮಾನ ನಿಲ್ದಾಣದ ಟ್ಯಾಕ್ಸಿ ಚಾಲಕನೊಬ್ಬನ ಫೋನಿನಲ್ಲಿ ಒಂದು ದಿನಕ್ಕೆ ಬರುವ ಮೆಸೇಜುಗಳನ್ನು ನೋಡಿ. ಸಾದಹಳ್ಳಿ ಟೋಲ್‌ನಲ್ಲಿ ಫಾಸ್ಟ್ಯಾಗ್‌ನಿಂದ ಕಡಿತವಾದ ಹಣ, ಗ್ಯಾಸ್ ಬಂಕ್‌ಗೆ ಕೊಟ್ಟದ್ದು, ಪ್ರಯಾಣಿಕ ಯುಪಿಐ ಮಾಡಿದ್ದು, ಕಂಪೆನಿ ಹಿಡಿದುಕೊಂಡ ಕಮಿಷನ್, ಊರಿಗೆ ಕಳಿಸಿದ್ದು. ಎಲ್ಲದಕ್ಕೂ ಸಾಕ್ಷಿ ಇದೆ. ಆದರೆ ರಾತ್ರಿ ಕೈಯಲ್ಲಿ ನಿಜವಾಗಿ ಉಳಿದದ್ದೆಷ್ಟು ಎಂದು ಕೇಳಿದರೆ ಉತ್ತರ ಸುಲಭವಿಲ್ಲ.

ಟಿಪ್ಪು ಸುಲ್ತಾನ್ ಹುಟ್ಟಿದ ಊರು, ಚಕ್ಕೋತದ ಊರು ಎಂದು ಹೆಸರಾದ ದೇವನಹಳ್ಳಿಯ ದಿನಚರಿ 2008ರ ಮೇ 24ರಂದು ವಿಮಾನ ನಿಲ್ದಾಣ ಶುರುವಾದ ಮೇಲೆ ಬದಲಾಯಿತು. ಟ್ಯಾಕ್ಸಿ, ಹೊಟೇಲು, ಬೇಕರಿ, ಕಾರ್ಗೋ ಕೆಲಸ ನಂಬಿ ಕರಾವಳಿಯಿಂದ ಬರುವ ನಮ್ಮ ಹುಡುಗರಿಗೂ ಇದು ಹೊಸ ಊರಲ್ಲ. ಇವರಲ್ಲಿ ಹಲವರಿಗೆ ಒಂದನೇ ತಾರೀಕಿನ ಸಂಬಳ ಅಂತ ಒಂದಿಲ್ಲ. ಗಳಿಕೆ ದಿನದ್ದು, ಬಾಡಿಗೆ ಮತ್ತು ಗಾಡಿಯ ಕಂತು ಮಾತ್ರ ತಿಂಗಳದ್ದು. ಕಷ್ಟ ಇರುವುದು ಇಲ್ಲೇ.

ಖರ್ಚಿನ ಲೆಕ್ಕ ಇಡುವ ಆ್ಯಪ್‌ಗಳು ಇಲ್ಲವೆಂದಲ್ಲ. 2014ರಲ್ಲಿ ಪುಣೆಯಲ್ಲಿ ಹುಟ್ಟಿದ ವಾಲ್‌ನಟ್ ಇವುಗಳಲ್ಲಿ ಹೆಸರು ಮಾಡಿದ್ದು. ಬ್ಯಾಂಕಿನಿಂದ ಬಂದ ಎಸ್ಸೆಮ್ಮೆಸ್‌ಗಳನ್ನು ತಾನೇ ಓದಿ, ಊಟಕ್ಕೆ ಇಷ್ಟು, ಪೆಟ್ರೋಲ್‌ಗೆ ಇಷ್ಟು ಎಂದು ವಿಂಗಡಿಸಿ ತೋರಿಸುತ್ತಿತ್ತು. ಬರೆಯುವ ಕೆಲಸವಿಲ್ಲ, ದುಡ್ಡೂ ಕೊಡಬೇಕಾಗಿಲ್ಲ. ಜನ ಮೆಚ್ಚಿದರು. 2018ರಲ್ಲಿ ಅದನ್ನು ಕೊಂಡದ್ದು ಬೆಂಗಳೂರಿನ ಸಾಲ ಕೊಡುವ ಕಂಪೆನಿ ಕ್ಯಾಪಿಟಲ್ ಫ್ಲೋಟ್. ಮುಂದೆ ಇಡೀ ವ್ಯವಹಾರಕ್ಕೆ ಆಕ್ಸಿಯೊ ಎಂದು ಹೆಸರಾಯಿತು. ಆ ಆಕ್ಸಿಯೊವನ್ನು ಕೊಳ್ಳಲು 2024ರ ಕೊನೆಗೆ ಅಮೆಝಾನ್ ಒಪ್ಪಂದ ಮಾಡಿಕೊಂಡಿತು.

ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಆದರೆ ಯೋಚಿಸಬೇಕಾದ್ದು ಇದೆ. ಪುಕ್ಕಟೆ ಆ್ಯಪ್‌ಗೂ ಹೊಟ್ಟೆಪಾಡು ಬೇಕಲ್ಲ? ನಿಮ್ಮ ಗಳಿಕೆ, ಖರ್ಚು ಗೊತ್ತಿದ್ದವನಿಗೆ ನಿಮಗೆ ಸಾಲ ಮಾರುವುದು ಎಲ್ಲಕ್ಕಿಂತ ಸುಲಭ. ನಮ್ಮ ಹಿರಿಯರು ಲೆಕ್ಕ ಬರೆಯುತ್ತಿದ್ದ ಡೈರಿ ತಿಂಗಳ ಕೊನೆಗೆ 'ಸಾಲ ಬೇಕಾ?' ಎಂದು ಕೇಳುತ್ತಿರಲಿಲ್ಲ. ಬಡ್ಡಿಯಿಂದ ದೂರ ಇರಬೇಕೆಂದು ಬಯಸುವ ಮನೆಯವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಎಸ್ಸೆಮ್ಮೆಸ್ ನಂಬಿದ ಲೆಕ್ಕದಲ್ಲಿ ತೂತುಗಳೂ ಇವೆ. ಎಚ್‌ಡಿಎಫ್‌ಸಿ ಬ್ಯಾಂಕ್ 2024ರ ಜೂನ್ 25ರಿಂದ 100 ರೂಪಾಯಿಗಿಂತ ಕಡಿಮೆ ಯುಪಿಐ ಪಾವತಿಗೆ, 500ಕ್ಕಿಂತ ಕಡಿಮೆ ಜಮೆಗೆ ಎಸ್ಸೆಮ್ಮೆಸ್ ಕಳಿಸುವುದನ್ನು ನಿಲ್ಲಿಸಿತು. ಚಾ, ಬನ್ಸ್, ಪಾರ್ಕಿಂಗ್ ಎಲ್ಲ ಆ 100ರ ಒಳಗೇ ಮುಗಿಯುವಂಥದ್ದು. ಕೈಯಿಂದ ಕೊಟ್ಟ ನೋಟಿನ ಲೆಕ್ಕವಂತೂ ಕೇಳಲೇ ಬೇಡಿ.

ಹಾಗಾದರೆ ನಮಗೆ ಬೇಕಾದ ಆ್ಯಪ್ ಹೇಗಿರಬೇಕು? ಮೊದಲನೆಯದಾಗಿ ಅದು ದಿನದ ಲೆಕ್ಕ ಮಾತಾಡಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಾಡಿಯ ಕಂತು ತಿಂಗಳಿಗೆ 15,600 ರೂಪಾಯಿ, ವರ್ಷದ ವಿಮೆ 31,200, ತಿಂಗಳಿಗೆ 26 ದಿನ ದುಡಿಮೆ. ಕಂತಿಗೆ ದಿನಕ್ಕೆ 600, ವಿಮೆಗೆ 100. ಅಂದರೆ ಗಳಿಕೆಯ ಮೊದಲ 700 ರೂಪಾಯಿ ಅವನದ್ದಲ್ಲವೇ ಅಲ್ಲ. ಜ್ವರ ಬಂದು ಐದು ದಿನ ಮಲಗಿದ ಅನ್ನಿ, ಉಳಿದ 21 ದಿನಗಳಲ್ಲಿ ಆ 700 ಸುಮಾರು 867 ಆಗುತ್ತದೆ. ಇದನ್ನು ಅವತ್ತೇ ರಾತ್ರಿ ಹೇಳಿದರೆ ಉಪಯೋಗ. ತಿಂಗಳ ಕೊನೆಗೆ ಬಣ್ಣಬಣ್ಣದ ಚಕ್ರ ಬಿಡಿಸಿ ತೋರಿಸಿ ಏನು ಪ್ರಯೋಜನ?

ಇನ್ನು ಕಾಲಂಗಳ ವಿಷಯ. ಮಗಳಿಗೆಂದು ಅರ್ಧ ಪವನು ಕೊಂಡರೆ ಸಾಮಾನ್ಯ ಆ್ಯಪ್ ಅದನ್ನು 'ಶಾಪಿಂಗ್' ಎಂದು ಬರೆದುಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಅದು ಉಳಿತಾಯ. ಚೀಟಿಗೆ ಕಟ್ಟಿದ್ದನ್ನು ಖರ್ಚು ಅನ್ನುತ್ತದೆ, ಚೀಟಿ ಎತ್ತಿದಾಗ ಆದಾಯ ಅನ್ನುತ್ತದೆ. ಎರಡೂ ಸರಿಯಲ್ಲ. ಉಳಿತಾಯ ಖಾತೆಗೆ ಬ್ಯಾಂಕ್ ಹಾಕಿದ ಬಡ್ಡಿಯನ್ನೂ ಆದಾಯಕ್ಕೇ ಸೇರಿಸುತ್ತದೆ. ಅದನ್ನು ಬೇರೆ ತೆಗೆದಿಟ್ಟು ಕೊಟ್ಟುಬಿಡುವವರಿಗೆ ಪ್ರತ್ಯೇಕ ಕಾಲಂ ಬೇಡವೇ? ಝಕಾತ್‌ನ ಎರಡೂವರೆ ಶೇಕಡಾ ಲೆಕ್ಕವನ್ನು ಯಾವ ಕ್ಯಾಲ್ಕುಲೇಟರೂ ಮಾಡುತ್ತದೆ. ಆದರೆ ಚಾಂದ್ರಮಾನ ವರ್ಷ ಸುಮಾರು 354 ದಿನದ್ದು, ಜನವರಿ-ಡಿಸೆಂಬರ್ ಲೆಕ್ಕಕ್ಕೆ ಸುಮಾರು 11 ದಿನ ಮೊದಲೇ ಮುಗಿಯುತ್ತದೆ. ರಮಝಾನ್ ಖರ್ಚೂ ಪ್ರತಿ ವರ್ಷ ಹಿಂದೆ ಸರಿಯುತ್ತಾ ಬರುತ್ತದೆ. ಕೆಲವು ವರ್ಷ ಅದು ಮಕ್ಕಳ ಶಾಲಾ ಫೀಸಿನ ತಿಂಗಳಿಗೇ ಬಂದು ಕೂರುತ್ತದೆ. ಎರಡು ಕ್ಯಾಲೆಂಡರ್ ಗೊತ್ತಿಲ್ಲದ ಆ್ಯಪ್ ನಮಗೆ ಅರ್ಧ ಲೆಕ್ಕವೇ.

ಹಾಗಂತ ಹಸಿರು ಬಣ್ಣ ಬಳಿದು 'ಹಲಾಲ್' ಅಂತ ಬರೆದದ್ದನ್ನೆಲ್ಲ ನಂಬಲೂ ಆಗದು. ಬೆಂಗಳೂರಿನ ಐಎಂಎ ಇದೇ ಮಾತು ಹೇಳಿ ಹಣ ಸಂಗ್ರಹಿಸಿತ್ತು. 2019ರ ಜೂನ್‌ನಲ್ಲಿ ಅದು ಬಿದ್ದಾಗ ದೂರು ಕೊಡಲು ಸಾಲುಗಟ್ಟಿದವರು ಸಾವಿರಾರು ಮಂದಿ. ಬಜೆಟ್ ಆ್ಯಪ್‌ಗೆ ನಮ್ಮ ಹಣ ಹಿಡಿದುಕೊಳ್ಳುವ ಕೆಲಸವೇ ಇಲ್ಲ, ಲೆಕ್ಕ ತೋರಿಸಿದರೆ ಸಾಕು. 'ಇಲ್ಲೇ ಹೂಡಿಕೆ ಮಾಡಿ' ಅಂದ ಕ್ಷಣ ಅದು ಬೇರೆ ಅಂಗಡಿ.

ಎಸ್ಸೆಮ್ಮೆಸ್ ಕದ್ದು ನೋಡದೆಯೂ ಬ್ಯಾಂಕ್ ಲೆಕ್ಕ ತರಿಸುವ ದಾರಿ ಈಗ ಇದೆ. ರಿಸರ್ವ್ ಬ್ಯಾಂಕ್ ನಿಯಮದಡಿ ಬಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ 2021ರ ಸೆಪ್ಟಂಬರ್ 2ರಂದು ಬಳಕೆಗೆ ತೆರೆಯಿತು. ಯಾವ ಖಾತೆಯ ಮಾಹಿತಿ, ಯಾರಿಗೆ, ಯಾತಕ್ಕೆ, ಎಷ್ಟು ಸಮಯಕ್ಕೆ ಎಂಬುದಕ್ಕೆ ನಾವೇ ಒಪ್ಪಿಗೆ ಕೊಡಬೇಕು, ಬೇಡವೆನಿಸಿದರೆ ಹಿಂಪಡೆಯಬಹುದು. ನಡುವೆ ಮಾಹಿತಿ ಸಾಗಿಸುವ ಸಂಸ್ಥೆ ಅದನ್ನು ಓದುವಂತಿಲ್ಲ. ಸಾಲದ ಆ್ಯಪ್‌ಗಳು ಫೋನಿನ ಕಾಂಟ್ಯಾಕ್ಟ್ ಪಟ್ಟಿ, ಕರೆಗಳ ವಿವರ, ಫೋಟೊಗಳಿಗೆ ಕೈ ಹಾಕಬಾರದು ಎಂದು 2022ರ ಸೆಪ್ಟಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಆದರೂ ಎಲ್ಲದಕ್ಕೂ 'ಅಲೋ' ಒತ್ತಿಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಇವತ್ತು ಸಂಜೆ ಮಕ್ಕಳನ್ನು ಕೂರಿಸಿ ಫೋನಿನ ಸೆಟ್ಟಿಂಗ್ಸ್ ತೆರೆಸಿ, ಯಾವ್ಯಾವ ಆ್ಯಪ್‌ಗೆ ಎಸ್ಸೆಮ್ಮೆಸ್ ಓದುವ ಅನುಮತಿ ಇದೆ ಎಂದು ನೋಡಿ.

ನಮ್ಮ ಮಟ್ಟಿಗೆ ಈ ಆ್ಯಪ್‌ನಲ್ಲಿ ಇರಲೇಬೇಕಾದದ್ದು ಇನ್ನೊಂದಿದೆ. ದೇವನಹಳ್ಳಿಯಿಂದ ಊರಿಗೆ 8,000 ಕಳಿಸಿದರೆ ಮಗನ ಫೋನಿನಲ್ಲಿ ಅದು ಮುಗಿದುಹೋದ ಖರ್ಚು. ಆದರೆ ಉಳ್ಳಾಲದಲ್ಲೋ ಬಂಟ್ವಾಳದಲ್ಲೋ ಇರುವ ಉಮ್ಮನಿಗೆ ಲೆಕ್ಕ ಶುರುವಾಗುವುದೇ ಅಲ್ಲಿಂದ: ಜೀನಸಿನ ಅಂಗಡಿಯ ಸಾಲ, ಮೀನು, ಬಿಪಿ ಮಾತ್ರೆ, ಕರೆಂಟ್ ಬಿಲ್, ಮದುವೆ ಮನೆಗೆ ಕೊಡಬೇಕಾದದ್ದು. ಒಂದೇ ಮನೆಯ ಬಜೆಟ್, ನಡುವೆ ಶಿರಾಡಿ ಘಾಟಿ. ಎರಡೂ ಫೋನಿನಲ್ಲಿ ಒಂದೇ ಪುಟ ತೆರೆಯಬೇಕು, ಅಕ್ಷರ ಕನ್ನಡದಲ್ಲಿರಬೇಕು. ಟೈಪ್ ಮಾಡಲು ಬಾರದ ಉಮ್ಮ ಬ್ಯಾರಿಯಲ್ಲಿ 'ಮೀನಿಗೆ ಇನ್ನೂರು' ಎಂದರೆ ಅದಕ್ಕೆ ಅರ್ಥವಾಗಬೇಕು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರೆಯುವ ನಮ್ಮ ಯುವಕರಿಗೆ, ಮಂಗಳೂರಿನ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಹುಡುಕುವ ನಮ್ಮ ಹೆಣ್ಣುಮಕ್ಕಳಿಗೆ ಇದು ಮೀರಿದ ಕೆಲಸವಲ್ಲ. ಶುರು ಮಾಡುವವರು ಕಂಪ್ಯೂಟರ್ ಮುಂದೆ ಕೂರುವ ಮೊದಲು ಒಂದು ರಾತ್ರಿ ದೇವನಹಳ್ಳಿಗೆ ಬನ್ನಿ. ಟ್ಯಾಕ್ಸಿ ಪಾರ್ಕಿಂಗ್‌ನಲ್ಲಿ ಹನ್ನೊಂದು ಗಂಟೆಗೆ ಚಾ ಕುಡಿಯುತ್ತಾ ನಿಂತ ಹತ್ತು ಜನರ ಹತ್ತಿರ ಅವತ್ತಿನ ಲೆಕ್ಕ ಕೇಳಿ ಬರೆದುಕೊಳ್ಳಿ. ಮಾರನೇ ದಿನ ಅವರಲ್ಲೊಬ್ಬರ ಮನೆಗೆ ಫೋನ್ ಮಾಡಿ ಉಮ್ಮನ ಲೆಕ್ಕವನ್ನೂ ಕೇಳಿ.